ಎಂಟನೇ ಪಾಯಿಂಟು

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಮುಂದೆ ಆಟೋ ನಿಲ್ಲಿಸಿಕೊಳ್ಳುವವರಲ್ಲಿ ಮುಸವ್ವಿರನಷ್ಟು ನಡೆಯಲು ಹಿಂದೇಟು ಹಾಕುವ ಆಸಾಮಿ ಇನ್ನೊಬ್ಬನಿಲ್ಲ. ಸ್ಟ್ಯಾಂಡಿನಿಂದ ಟೀ ಅಂಗಡಿಗೆ ಐವತ್ತು ಹೆಜ್ಜೆಯೂ ಆಗಲಿಕ್ಕಿಲ್ಲ; ಅಲ್ಲಿಗೂ ಅವನು ಆಟೋ ಸ್ಟಾರ್ಟ್ ಮಾಡಿಕೊಂಡೇ ಹೋಗುತ್ತಾನೆ. ಅರವತ್ತು ವರ್ಷಕ್ಕೆ ಹೊಟ್ಟೆ ಹ್ಯಾಂಡಲ್ಲಿಗೆ ತಾಗುವಷ್ಟು ಬಂದಿದೆ. ಕಾಲಿಗಿಲ್ಲದ ಕೆಲಸವನ್ನೆಲ್ಲ ಅವನು ನಾಲಿಗೆಗೆ ಕೊಟ್ಟಿದ್ದಾನೆ. ಊರು ನೋಡಲು ಬಂದವರನ್ನು ಕೂರಿಸಿಕೊಂಡು ಹೊರಟನೆಂದರೆ ಅಳುವ ಮಗು ಸುಮ್ಮನಾಗಬೇಕು, ಜಗಳವಾಡುತ್ತಿದ್ದ ಗಂಡಹೆಂಡಿರು ಕಿವಿಗೊಡಬೇಕು, ಹಾಗೆ ಮಾತಾಡುತ್ತಾನೆ.

ಅವನ ಅಪ್ಪ ಹಾಗಿರಲಿಲ್ಲ. ಗಂಜಾಂನಲ್ಲಿ ಜಟಕಾ ಓಡಿಸಿಕೊಂಡಿದ್ದ ಆ ಮನುಷ್ಯ ಗಾಡಿ ನಿಲ್ಲಿಸಿ "ನೋಡ್ಕಂಡ್ ಬನ್ನಿ" ಅನ್ನುವುದಕ್ಕಿಂತ ಹೆಚ್ಚಿಗೆ ಒಂದು ಮಾತು ಆಡುತ್ತಿರಲಿಲ್ಲ. ಕುದುರೆಯ ವಿಷಯ ಕೇಳಿದರೆ ಹೇಳುತ್ತಿದ್ದ, ಮಿಕ್ಕಿದ್ದು ನನಗೆ ಗೊತ್ತಿಲ್ಲ ಎಂದು ಸುಮ್ಮನಾಗುತ್ತಿದ್ದ. ಮಗನಿಗೆ ಅದು ಶುದ್ಧ ದಡ್ಡತನವಾಗಿ ಕಂಡಿತು. ಇಪ್ಪತ್ತೆರಡನೇ ವಯಸ್ಸಿಗೆ ಆಟೋ ಹಿಡಿದವನು ಗೊತ್ತಿಲ್ಲ ಎಂಬ ಮಾತನ್ನು ಗಿರಾಕಿಯ ಮುಂದೆ ಒಮ್ಮೆಯೂ ಆಡಲಿಲ್ಲ. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದು, ಗಂಜಾಂನ ಮನೆಗೆ ತಾರಸಿ ಹಾಕಿಸಿದ್ದು ಎಲ್ಲ ಈ ನಾಲಿಗೆಯಿಂದಲೇ ಎಂದು ಹೆಂಡತಿಯ ಹತ್ತಿರವೂ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಈ ಊರಿನ ಆಟೋದವರಿಗೆ ಊರೆಂದರೆ ಏಳು ಪಾಯಿಂಟು. ದೇವಸ್ಥಾನ, ಕೋಟೆಯೊಳಗಿನ ಮೂರು ಜಾಗ, ದರಿಯಾ ದೌಲತ್, ಗುಂಬಜ್, ಕೊನೆಗೆ ಸಂಗಮ. ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಗುಂಬಜ್ ದಾಟಿ ಸಂಗಮದ ಕಡೆ ಹೋಗುತ್ತಿದ್ದಾಗ ಮುಸವ್ವಿರನ ಆಟೋ ಮಿಸ್ ಹೊಡೆದು ನಿಂತುಬಿಟ್ಟಿತು. ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದಕ್ಕೆ ಹತ್ತು ನಿಮಿಷವಾದರೂ ಬೇಕು. ಒಳಗೆ ಕೂತ ದಾವಣಗೆರೆ ಕಡೆಯ ಕುಟುಂಬ ಗೊಣಗಲು ಶುರು ಮಾಡಿತು. ಮುಸವ್ವಿರ್ ಸುತ್ತ ನೋಡಿದ. ರಸ್ತೆಯಿಂದ ಮೂವತ್ತು ಮಾರು ಒಳಗೆ, ಹುಣಸೆಮರದ ಬುಡದಲ್ಲಿ, ಗಾರೆ ಎದ್ದುಹೋದ ಒಂದು ಹಳೆಯ ಗೋರಿ ಕಂಡಿತು. ಹೆಸರಿಲ್ಲ, ಚಾದರವಿಲ್ಲ. ಅವನ ಬಾಯಿಂದ ಕತೆ ತಾನಾಗಿ ಇಳಿಯಿತು. ಅದೋ ನೋಡಿ, ಅದು ದ್ರೋಹಿಯ ಗೋರಿ. ಲಂಚ ತಿಂದು ಶತ್ರುಗಳಿಗೆ ಕೋಟೆಯ ಗುಟ್ಟು ಹೇಳಿಕೊಟ್ಟವನು. ಸತ್ತಾಗ ಊರೊಳಗೆ ಮಣ್ಣು ಸಿಗಲಿಲ್ಲ, ಇಲ್ಲಿ ತಂದು ಹೂತರು. ಈ ದಾರಿಯಲ್ಲಿ ಹೋದವರು ಅವನಿಗೊಂದು ಕಲ್ಲು ಹೊಡೆದು ಹೋಗುವುದು ಪದ್ಧತಿ. ಮಕ್ಕಳು ಕುಣಿದುಕೊಂಡು ಓಡಿದವು. ಅವು ಕಲ್ಲು ಹೊಡೆದು ಬರುವುದರೊಳಗೆ ಪ್ಲಗ್ ಕೂತಿತ್ತು.

ಮರುದಿನವೂ ಹೇಳಿದ. ಅದರ ಮರುದಿನವೂ. ಆಟೋದ ಬೆನ್ನಿಗೆ "ಎಂಟು ಪಾಯಿಂಟ್" ಎಂದು ಬರೆಸಿದ. ಏಳು ತೋರಿಸುವವನನ್ನು ಬಿಟ್ಟು ಜನ ಎಂಟು ತೋರಿಸುವವನ ಆಟೋ ಹತ್ತಿದರು. ವರ್ಷವೊಂದು ಕಳೆಯುವುದರೊಳಗೆ ಸ್ಟ್ಯಾಂಡಿನ ಅಷ್ಟೂ ಆಟೋಗಳ ಮೇಲೆ ಎಂಟು ಬಂತು. ಕತೆ ಹುಟ್ಟಿದ್ದು ಎಲ್ಲಿಂದ ಎಂಬುದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ನಗುತ್ತಾರೆ, ಮುಸವ್ವಿರನ ತಲೆಯೇ ತಲೆ ಎನ್ನುತ್ತಾರೆ. ಅವನೂ ನಗುತ್ತಿದ್ದ. ಯಾರದೋ ಹಳೇ ಮಣ್ಣು, ಯಾರಿಗೇನು ಹೋಯಿತು ಎಂದುಕೊಂಡಿದ್ದ. ಆದರೆ ಗಿರಾಕಿಗಳನ್ನು ಅಲ್ಲಿ ಇಳಿಸಿದಾಗಲೆಲ್ಲ ಆಟೋ ತಿರುಗಿಸುವ ನೆಪದಲ್ಲಿ ಅತ್ತ ಬೆನ್ನು ಮಾಡುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಗೋರಿಯ ಹತ್ತಿರ ಹೋದವನಲ್ಲ.

ನಡೆದು ಊರು ನೋಡುವ ಯೋಚನೆ ಚಿಕ್ಕಸ್ವಾಮಿಯದು. ಕೆ.ಆರ್. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಚಿಕ್ಕಸ್ವಾಮಿಗೆ ಸಕ್ಕರೆ ಕಾಯಿಲೆ, ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ. ಪಾಂಡವಪುರದ ಮಂಚಯ್ಯ ಮೇಷ್ಟರ ಕೆಲಸದಿಂದ ಮೊನ್ನೆ ಮೇ ತಿಂಗಳಲ್ಲಿ ರಿಟೈರ್ ಆದವನು, ಹೊತ್ತು ಹೋಗದೆ ಒದ್ದಾಡುತ್ತಿದ್ದ. ಈ ಇಬ್ಬರೂ ಮುಸವ್ವಿರನೂ ಒಂದೇ ಬೆಂಚಿನಲ್ಲಿ ಕೂತು ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಒಟ್ಟಿಗೆ ಫೇಲಾದ ಗೆಳೆಯರು. ಮಂಚಯ್ಯ ಒಬ್ಬನೇ ಮತ್ತೆ ಕಟ್ಟಿ ಪಾಸಾದವನು. ನವೆಂಬರಿನ ಒಂದು ಗುರುವಾರ, ಆಟೋ ಮುಟ್ಟಕೂಡದು, ಬೆಳಗಿಂದ ಸಂಜೆವರೆಗೆ ಕಾಲಲ್ಲೇ ಎಂದು ಕರಾರಾಯಿತು.

ಮುಸವ್ವಿರ್ ಖಾಕಿ ಬಿಟ್ಟು ಬಿಳಿ ಅಂಗಿ ತೊಟ್ಟು ಬಂದಿದ್ದ. ಸ್ಟ್ಯಾಂಡಿನವರು ಇವನು ನಡೆಯುವುದನ್ನು ಫೋನಿನಲ್ಲಿ ಹಿಡಿದುಕೊಂಡರು. ಕೋಟೆಯೊಳಗೆ ಸುತ್ತಾಡುವಷ್ಟರಲ್ಲೇ ಅವನಿಗೆ ಏದುಸಿರು ಬಂತು, ಚಪ್ಪಲಿ ಹೆಬ್ಬೆರಳನ್ನು ಕಚ್ಚಿತು. ಆದರೂ ಬಾಯಿ ನಿಲ್ಲಲಿಲ್ಲ. ದರಿಯಾ ದೌಲತ್ತಿನ ಗೋಡೆಯ ಚಿತ್ರಗಳ ಮುಂದೆ ನಿಂತು ಅವನು ಕುದುರೆ, ಆನೆ, ಪಲ್ಲಕ್ಕಿ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರೆ ಬೇರೆ ಊರಿನ ನಾಲ್ಕು ಜನ ಹಿಂದೆ ಬಂದು ನಿಂತರು. ಮಂಚಯ್ಯನಿಗೆ ಹೆಮ್ಮೆಯೋ ಹೆಮ್ಮೆ. ಇವನು ನಮ್ಮ ಗೆಳೆಯ, ಇಪ್ಪತ್ತೆರಡು ವರ್ಷ ನಮ್ಮ ಸ್ಕೂಲಿನ ಮಕ್ಕಳನ್ನು ಇಲ್ಲಿಗೆ ಟೂರು ಕರೆತಂದು ನಾನು ಹೇಳಿದ್ದೆಲ್ಲ ಇವನು ಹೇಳಿಕೊಟ್ಟಿದ್ದೇ ಎಂದು ಆ ಜನಕ್ಕೆ ಪರಿಚಯ ಮಾಡಿಕೊಟ್ಟ. ಮುಸವ್ವಿರನ ಹೊಟ್ಟೆ ಇನ್ನೆರಡು ಇಂಚು ಮುಂದೆ ಬಂತು.

ಗುಂಬಜಿನ ತೋಟದಲ್ಲಿ ಊಟ. ಚಿಕ್ಕಸ್ವಾಮಿಯ ಹೆಂಡತಿ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮುಸವ್ವಿರನ ಮನೆಯ ಕುಷ್ಕಾ. ಉಂಡು, ನೆರಳಲ್ಲಿ ಒಂದರ್ಧ ಗಂಟೆ ಅಡ್ಡಾಗಿ, ಸಂಗಮದ ದಾರಿ ಹಿಡಿದರು. ಹುಣಸೆಮರ ಕಂಡಿದ್ದೇ ಚಿಕ್ಕಸ್ವಾಮಿ ಬಗ್ಗಿ ಕಲ್ಲೊಂದು ಆರಿಸಿಕೊಂಡ. ಬಿಸಿಲು ಜಾಸ್ತಿ, ಬರುವಾಗ ನೋಡೋಣ ಎಂದು ಮುಸವ್ವಿರ್ ಮುಂದೆ ಹೋಗಲು ನೋಡಿದ. ಎಂಟನೆಯದು ಬಿಟ್ಟರೆ ಹೇಗೆ ಎಂದು ಮಂಚಯ್ಯ ಅವನ ತೋಳು ಹಿಡಿದು ರಸ್ತೆಯಿಂದ ಕೆಳಗಿಳಿಸಿದ.

ಗೋರಿಯ ಹತ್ತಿರ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಸಿಮೆಂಟಿನ ಖಾಲಿ ಚೀಲ, ಒಂದು ಬಿಂದಿಗೆ ನೀರು. ಗೋರಿಯ ಮೇಲೆ, ಸುತ್ತ, ಹುಲ್ಲಿನೊಳಗೆ ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕುತ್ತಿದ್ದಳು. ಗೋರಿ ಇಷ್ಟು ಚಿಕ್ಕದೆಂದು ಮುಸವ್ವಿರನಿಗೆ ರಸ್ತೆಯಿಂದ ತಿಳಿದಿರಲಿಲ್ಲ. ಗಾರೆಯ ತುಂಬ ಬಿಳಿ ಬಿಳಿ ಪೆಟ್ಟಿನ ಗುರುತುಗಳಿದ್ದವು, ತಲೆಯ ಕಡೆಯ ಕಲ್ಲು ಎರಡು ತುಂಡಾಗಿತ್ತು. ಬಡಕಲು ಮನುಷ್ಯನೊಬ್ಬ ಮಲಗುವಷ್ಟೇ ಜಾಗ ಅದು.

ಮಂಚಯ್ಯನಿಗೆ ಮೇಷ್ಟರ ಚಾಳಿ ಬಿಟ್ಟಿರಲಿಲ್ಲ. "ಯಾಕಮ್ಮ ಈ ಬಿಸ್ಲಲ್ಲಿ ಒದ್ದಾಡ್ತೀರಿ? ಇದು ದ್ರೋಹಿ ಗೋರಿ. ನೀವು ತೆಗ್ದಂಗೆಲ್ಲ ಜನ ಹೊಡೀತಾನೆ ಇರ್ತಾರೆ" ಎಂದ.

ಆಕೆ ತಲೆ ಎತ್ತಿ ನೋಡಿ, ಕೈಯೊಳಗಿದ್ದ ಕಲ್ಲನ್ನು ಚೀಲಕ್ಕೆ ಹಾಕಿದಳು. "ಇವ್ರು ನಮ್ ದಾದಾ ಕಣಪ್ಪ. ನಮ್ ತಂದೆ ತಂದೆ" ಎಂದಳು.

ಅಕ್ಬರಿ ಬೇಗಂ ಎಂದು ಆಕೆಯ ಹೆಸರು. ಗಂಜಾಂನ ಇನ್ನೊಂದು ತುದಿಯವಳು. ದಾದಾನನ್ನು ಆಕೆ ಕಣ್ಣಲ್ಲಿ ಕಂಡಿಲ್ಲ, ತಂದೆ ಹೇಳಿದ್ದಷ್ಟೇ ಗೊತ್ತು. ಬಸ್ಸು ಆಟೋ ಇಲ್ಲದ ಕಾಲದಲ್ಲಿ ಜನ ಅಸ್ಥಿಯ ಗಡಿಗೆ ಹಿಡಿದುಕೊಂಡು ಈ ದಾರಿಯಲ್ಲಿ ಸಂಗಮಕ್ಕೆ ನಡೆದು ಹೋಗುತ್ತಿದ್ದರಂತೆ. ಹುಣಸೆಮರದ ಕೆಳಗೆ ನಾಲ್ಕು ಮಡಕೆ ಇಟ್ಟುಕೊಂಡು ದಾದಾ ಅವರಿಗೆ ನೀರು ಕೊಡುತ್ತಿದ್ದ. ಸತ್ತವರ ಮನೆಯವರು ಬಾಯಾರಿ ಹೋಗಬಾರದು ಎನ್ನುತ್ತಿದ್ದ. ನೀರ್ ಸಾಬಿ ಎಂದೇ ಜನ ಕರೆಯುತ್ತಿದ್ದರು. ಮಡಕೆಯ ಪಕ್ಕದಲ್ಲೇ ನನ್ನನ್ನು ಇಡಿ ಎಂದು ಕೇಳಿಕೊಂಡನಂತೆ, ಜಮೀನಿನ ಗೌಡರು ಆಗಲಿ ಎಂದರಂತೆ. ಮೊದಲು ಒಂದೆರಡು ಕಲ್ಲು ಬೀಳುತ್ತಿತ್ತು, ಪಡ್ಡೆಗಳ ಕೆಲಸವಿರಬೇಕೆಂದು ಆಕೆ ಸುಮ್ಮನಿದ್ದಳು. ಈಗ ಗುರುವಾರ ಗುರುವಾರ ಬಂದು ತೆಗೆದರೂ ವಾರಕ್ಕೊಂದು ಚೀಲ ತುಂಬುತ್ತದೆ. ಮೊಮ್ಮಗಳು ಅಸ್ಫಿಯಾ ಫೋನಿನಲ್ಲಿ ತೋರಿಸಿದಳಂತೆ. ಅದರಲ್ಲಿ ಜಾಗದ ಗುರುತಿದೆ, ಮೇಲೆ ದ್ರೋಹಿಯ ಗೋರಿ ಎಂದು ಬರೆದಿದೆ, ಕಲ್ಲು ಹಿಡಿದು ನಗುತ್ತ ನಿಂತವರ ಫೋಟೋಗಳಿವೆ.

ಚಿಕ್ಕಸ್ವಾಮಿ ತನ್ನ ಕೈಯ ಕಲ್ಲನ್ನು ಸದ್ದಾಗದಂತೆ ಜೇಬಿಗೆ ಇಳಿಸಿದ. ಮಂಚಯ್ಯ ಮಾತ್ರ ಬಿಡಲಿಲ್ಲ. ಆಕೆಗೆ ನೋವು ಮಾಡಬೇಕೆಂದಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿದ ಪಾಠ ತಪ್ಪಾಗಿರಲಾರದು ಎಂಬ ನಂಬಿಕೆ. ಗೋರಿ ಗುರುತಿಸುವುದರಲ್ಲಿ ಏನೋ ಎಡವಟ್ಟಾಗಿರಬೇಕು, ಇವನು ಮೂವತ್ತು ವರ್ಷದಿಂದ ಈ ದಾರಿಯಲ್ಲಿ ಆಟೋ ಓಡಿಸುತ್ತಿದ್ದಾನೆ, ಇವನನ್ನೇ ಕೇಳಿ ಎಂದು ಮುಸವ್ವಿರನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದ.

ಅಕ್ಬರಿ ಬೇಗಂ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಹೆಸರು ಕೇಳಿ ತಿಳಿದುಕೊಂಡು, ಮಿಕ್ಕವರಿಗೆ ಅರ್ಥವಾಗದಿರಲೆಂದೋ ಏನೋ, ಉರ್ದುವಿನಲ್ಲಿ ಕೇಳಿದಳು. ಬೈಯಲು ಕೇಳುತ್ತಿಲ್ಲ ಮಗನೇ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಇಷ್ಟು ಸಾವಿರ ಜನ ಹೊಡೆಯುತ್ತಾರೆ. ಸಾವಿರ ಜನ ಸುಳ್ಳಿಗೆ ಹೊಡೆಯುತ್ತಾರೆಯೇ? ರಾತ್ರಿ ಮಲಗಿದರೆ ಅದೇ ಯೋಚನೆ. ನಮ್ಮಪ್ಪ ಮಾನಕ್ಕೆ ಹೆದರಿ ನನಗೆ ನೀರಿನ ಕತೆ ಹೇಳಿದನೋ ಏನೋ. ನೀನು ಹಳಬ. ಈ ಮಾತನ್ನು ನೀನು ಯಾರಿಂದ ಕೇಳಿದೆ?

ಇಷ್ಟು ವರ್ಷ ಗಿರಾಕಿಗಳ ಪ್ರಶ್ನೆಗೆ ತಡವರಿಸದ ನಾಲಿಗೆ ಈಗಲೂ ತಡವರಿಸಲಿಲ್ಲ. ಅದೇ ಅವನ ದುರ್ದೈವ. ಗೆಳೆಯರಿಬ್ಬರೂ ಮುಖ ನೋಡುತ್ತಿದ್ದರು. ಬಾಯಿ ತಾನಾಗಿ ತೆರೆದು, ದೊಡ್ಡವರು ಹೇಳುತ್ತಿದ್ದರು ಖಾಲಾ, ನಾವೂ ಕೇಳಿದ್ದಷ್ಟೇ ಎಂದುಬಿಟ್ಟಿತು.

ದೊಡ್ಡವರಾ ಎಂದಳು ಆಕೆ. ಅರ್ಧ ತುಂಬಿದ ಚೀಲವನ್ನು ನೋಡಿದಳು. ಮತ್ತೆ ಬಗ್ಗಿ ಕಲ್ಲು ಆರಿಸಲಿಲ್ಲ. ಮರದ ಬೇರಿನ ಮೇಲೆ ಹೋಗಿ ಕೂತು, ಗೋರಿಯ ಕಡೆ ನೋಡದೆ ಗದ್ದೆಯ ಕಡೆ ನೋಡತೊಡಗಿದಳು.

ಸಂಗಮಕ್ಕೆ ಅಲ್ಲಿಂದ ಬಹಳ ದೂರವಿಲ್ಲ, ಮುಸವ್ವಿರನಿಗೆ ಮಾತ್ರ ದಾರಿ ಮುಗಿಯಲೊಲ್ಲದು. ಏನಂದಳು ಎಂದು ಮಂಚಯ್ಯ ಎರಡು ಸಲ ಕೇಳಿದ, ಏನಿಲ್ಲ ಎಂದ. ನಾಚಿಕೆ ಎಂಬುದು ಅವನಿಗೆ ಅಷ್ಟಾಗಿ ಪರಿಚಯವಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದಾಗಲೂ, ಒಂದು ಸಲ ಗಿರಾಕಿಯೊಬ್ಬ ಕೊರಳಪಟ್ಟಿ ಹಿಡಿದಾಗಲೂ ನಗೆಯಲ್ಲಿ ತೇಲಿಸಿದ್ದವನು. ಈಗ ಕಿವಿಯ ತುದಿಗಳು ಕಾದು ಉರಿಯುತ್ತಿದ್ದವು. ಮೂವತ್ತು ವರ್ಷದ ಸುಳ್ಳಾದರೂ ಯಾರು ಮಲಗಿದ್ದಾರೆಂದು ತಿಳಿಯದೆ ಹೇಳಿದ್ದು. ಇವತ್ತಿನದು ತಿಳಿದು ಹೇಳಿದ್ದು, ಅಲ್ಲಿ ಮಲಗಿದವನ ಮೊಮ್ಮಗಳ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದು. ಕಲ್ಲು ಬೀಳುತ್ತಿದ್ದಾಗಲೂ ಒಬ್ಬಳಾದರೂ ನಂಬಿಕೊಂಡಿದ್ದಳು, ಆ ಒಬ್ಬಳನ್ನೂ ಇವನು ಆ ಮುದುಕನಿಂದ ಕಿತ್ತುಕೊಂಡು ಬಂದಿದ್ದ.

ಸಂಗಮದ ಮೆಟ್ಟಿಲ ಮೇಲೆ ಯಾರೋ ಅಸ್ಥಿ ಬಿಡಲು ಬಂದಿದ್ದರು. ತಲೆ ಬೋಳಿಸಿಕೊಂಡ ಮಗನೊಬ್ಬ ನೀರಲ್ಲಿ ಮಂಡಿಯವರೆಗೆ ಇಳಿದಿದ್ದ. ಚಿಕ್ಕಸ್ವಾಮಿ ಕಾಲು ತೊಳೆದುಕೊಂಡ. ಮುಸವ್ವಿರ್ ಮೇಲಿನ ಮೆಟ್ಟಿಲಲ್ಲೇ ಕೂತು, ಕೂತಲ್ಲಿಂದಲೇ ಹೇಳಿದ. ಆಟೋ ಮಿಸ್ ಹೊಡೆದದ್ದು, ಪ್ಲಗ್ಗು, ದಾವಣಗೆರೆಯವರು, ಅಕ್ಬರಿ ಬೇಗಂ ಕೇಳಿದ್ದು, ತಾನು ಕೊಟ್ಟ ಉತ್ತರ, ಎಲ್ಲ ಹೇಳಿದ. ಯಾವುದಕ್ಕೂ ಬಣ್ಣ ಕಟ್ಟಲಿಲ್ಲ. ಕಟ್ಟಲು ಬರಲೂ ಇಲ್ಲ.

ಮಂಚಯ್ಯ ಬಂದು ಪಕ್ಕದಲ್ಲಿ ಕೂತ. ಅವನು ಬೈಯಬಹುದು, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದ ಮುಸವ್ವಿರ್. ಮಂಚಯ್ಯ ಮಾತಾಡಿದ್ದು ಮೆಲ್ಲಗೆ.

"ಪ್ರತಿ ವರ್ಸ ನಲವತ್ತು ಮಕ್ಳು ಕಣ್ಲಾ. ಸಾಲಾಗಿ ನಿಲ್ಲಿಸ್ತಿದ್ದೆ. ಒಂದು ಎಣ್ಣುಮಗ ವಡೆಯಕಿಲ್ಲ ಅಂತ ಅಳ್ತಿತ್ತು. ಕೈ ಇಡ್ದು ವಡೆಸ್ಬುಟ್ಟೆ."

ಮುಸವ್ವಿರ್ ತಲೆ ತಗ್ಗಿಸಿದ. ಆ ಹುಡುಗಿಗಿದ್ದ ಬುದ್ಧಿ ತನಗೆ ಇಷ್ಟು ವರ್ಷದಲ್ಲಿ ಬರಲಿಲ್ಲವಲ್ಲ ಎನಿಸಿತು. ನೆಲ ಬಾಯಿ ಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ.

"ಏಳ್ಲಾ ಮೇಕೆ" ಎಂದ ಮಂಚಯ್ಯ. "ಆಯಮ್ಮ ಮನೆಗೆ ವೋಗಾಕ್ ಮುಂಚೆ ಯೋಳ್ಬುಡು."

ಮೂವರೂ ಬಂದ ದಾರಿಯಲ್ಲೇ ವಾಪಸು ನಡೆದರು. ಚಪ್ಪಲಿ ಕಚ್ಚಿದ ಕಡೆ ಗುಳ್ಳೆ ಒಡೆದಿತ್ತು, ಮುಸವ್ವಿರ್ ಕುಂಟುತ್ತ ಎಲ್ಲರಿಗಿಂತ ಮುಂದೆ ಹೋದ. ಆಕೆ ಮನೆಗೆ ಹೊರಟುಹೋಗಿರಲಿ ಎಂದು ಒಂದು ಮನಸ್ಸು, ಇರಲಿ ಎಂದು ಇನ್ನೊಂದು. ಅಕ್ಬರಿ ಬೇಗಂ ಆ ಬೇರಿನ ಮೇಲೆಯೇ ಕೂತಿದ್ದಳು. ಬಿಂದಿಗೆಯ ನೀರನ್ನು ಗೋರಿಗೆ ಹಾಕಿರಲಿಲ್ಲ.

ಮುಸವ್ವಿರ್ ಆಕೆಯ ಮುಂದೆ ನೆಲದ ಮೇಲೆ ಕೂತ. ಗೆಳೆಯರಿಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದ. "ಖಾಲಾ, ನಾನು ಆಗ್ಲೇ ಯೋಳಿದ್ದು ಸುಳ್ಳು. ಯಾವ ದೊಡ್ಡೋರೂ ಯೋಳಿಲ್ಲ. ಈ ಕತೆ ಕಟ್ಟಿದ್ದು ನಾನೇಯ. ನಿಮ್ ದಾದಾ ಏನೂ ಮಾಡಿಲ್ಲ."

ಆಕೆ ಅವನ ಮುಖವನ್ನು ನಿಧಾನವಾಗಿ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ, ಇವನು ನೆನೆಸಿಯೂ ಇರದ ಹಾಗೆ, ಸಣ್ಣಗೆ ನಕ್ಕಳು. ಮುದುಕಿ ಕೊರಗುವುದನ್ನು ನೋಡಲಾರದೆ ಅಷ್ಟು ದೂರ ಹೋದವನು ವಾಪಸು ಬಂದೆಯಾ ಎಂದಳು. ಮಧ್ಯಾಹ್ನ ಒಂದು ಮಾತು, ಈಗ ಒಂದು ಮಾತು. ಮೊದಲು ಬಂದದ್ದೇ ನಿಜದ ಮಾತು, ಎರಡನೆಯದು ಕರುಣೆಯ ಮಾತು, ಇಷ್ಟೂ ತಿಳಿಯದೇ ನನ್ನ ತಲೆ ಬೆಳ್ಳಗಾಗಿದೆಯೇ ಎಂದಳು. ಬೇರೆಯವರ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವವರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ ಎಂದಳು.

ಮುಸವ್ವಿರ್ ಇಲ್ಲ ಖಾಲಾ, ಇಲ್ಲ ಎಂದ. ಆಣೆ ಇಟ್ಟ. ಆಟೋ ಕೆಟ್ಟದ್ದು, ಪ್ಲಗ್ ಉಜ್ಜಿದ್ದು ಹೇಳಿದ. ಹೇಳಿದಷ್ಟೂ ಅದು ಅವನ ಇತರ ಕತೆಗಳ ಹಾಗೆಯೇ ಕೇಳಿಸಿತು. ಬಾಯಿ ಬಿಟ್ಟರೆ ಜನ ನಂಬುತ್ತಾರೆಂದು ಜೀವಮಾನವೆಲ್ಲ ಮೆರೆದವನ ಮಾತು ಬೇಕಾದ ದಿನ ಕಾಸಿಗೂ ಬಾಳಲಿಲ್ಲ. ಕೊನೆಗೆ ಮಂಚಯ್ಯನೇ ಮುಂದೆ ಬಂದ.

"ಇವನು ಮೊದ್ಲಿಂದ್ಲೂ ಸುಳ್ಳ ಕಣಮ್ಮ. ನನ್ ಮಾತು ನಂಬಿ" ಎಂದ.

ಗೆಳೆಯರು ಗೆಳೆಯನಿಗೆ ಆಗಬೇಕಾದದ್ದೇ ಎಂಬಂತೆ ಆಕೆ ತಲೆಯಾಡಿಸಿದಳು. ಮುಸವ್ವಿರನ ತಲೆಯ ಮೇಲೆ ಕೈಯಿಟ್ಟು, ನಿನ್ನಂಥ ಮಗನನ್ನು ಹೆತ್ತ ತಾಯಿಗೆ ಒಳ್ಳೆಯದಾಗಲಿ, ನಿನ್ನ ಮಕ್ಕಳು ನಿನ್ನ ಹೆಸರು ಹೇಳಿಕೊಂಡು ಬಾಳಲಿ ಎಂದು ದುವಾ ಮಾಡಿದಳು. ಒಣಗಿದ, ಹಗುರವಾದ ಕೈ. ಆ ಕೈಯ ಕೆಳಗೆ ಅವನು ಕುಗ್ಗಿ ಹೋದ.

ಆಗ ರಸ್ತೆಯಲ್ಲಿ ಆಟೋ ನಿಂತ ಸದ್ದಾಯಿತು. ಸ್ಟ್ಯಾಂಡಿನ ಅಭಿ, ಮೂರು ವರ್ಷದಿಂದ ಆಟೋ ಓಡಿಸುತ್ತಿರುವ ಹುಡುಗ, ಒಂದು ಕುಟುಂಬವನ್ನು ಇಳಿಸಿಕೊಂಡು ಈಚೆಗೆ ಬರುತ್ತಿದ್ದ. ಗಂಡಸು ಆಗಲೇ ಫೋನ್ ಹಿಡಿದಿದ್ದ, ಮಕ್ಕಳು ಕಲ್ಲು ಆರಿಸುತ್ತಿದ್ದವು. ಮರದ ಕೆಳಗೆ ಮುಸವ್ವಿರನನ್ನು ಕಂಡು ಅಭಿಯ ಮುಖ ಅರಳಿತು. ಬೇಡ ಎಂದು ಮುಸವ್ವಿರ್ ಕೈ ಎತ್ತುವುದರೊಳಗೆ ಅವನು ಸ್ಟ್ಯಾಂಡಿನ ಗುಟ್ಟೆಂಬುದನ್ನೂ ಮರೆತು ಗಿರಾಕಿಗಳ ಕಡೆ ತಿರುಗಿ ಆಗಿತ್ತು.

"ಸಾರ್, ನಿಮ್ ಅದೃಷ್ಟ. ಈ ಪಾಯಿಂಟ್ ಹುಟ್ಟಾಕಿದ್ದೇ ಇವ್ರು. ಆಟೋ ಕೆಟ್ಟು ನಿಂತಾಗ ಪ್ಲಗ್ ಉಜ್ಜತಾ ಕಟ್ಟಿದ್ ಕತೆ. ಮುಸವ್ವಿರಣ್ಣ, ನೀವೇ ಯೋಳ್ಬುಡಿ, ನಿಮ್ ಬಾಯಲ್ ಕೇಳಿದ್ರೇ ಚೆಂದ."

ಮಂಚಯ್ಯ ಹೋಗಿ ಮಕ್ಕಳ ಕೈಯಿಂದ ಒಂದೊಂದೇ ಕಲ್ಲು ಇಸಿದುಕೊಂಡ. ಮುಸವ್ವಿರನ ತಲೆಯ ಮೇಲಿದ್ದ ಕೈ ಒಂದು ಗಳಿಗೆ ಹಾಗೆಯೇ ಇತ್ತು, ಆಮೇಲೆ ಎದ್ದಿತು. ಅಕ್ಬರಿ ಬೇಗಂ ಆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

ಆಕೆ ಬೈಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಎದ್ದು, ಬಿಂದಿಗೆ ಎತ್ತಿಕೊಂಡು ಗೋರಿಯ ತಲೆಯ ಕಡೆ ಹೋದಳು. ಒಡೆದ ಕಲ್ಲಿನ ಮೇಲೆ ಹನಿಹನಿಯಾಗಿ ನೀರು ಬಿಟ್ಟು, ಅಂಗೈಯಲ್ಲಿ ಧೂಳು ಸವರಿ, ಹಣೆಯನ್ನು ಆ ಕಲ್ಲಿಗೆ ತಾಗಿಸಿದಳು. ಆಕೆಯ ಬೆನ್ನು ಅಲುಗುತ್ತಿತ್ತು. ಉರ್ದುವಿನಲ್ಲಿ ಆಕೆ ಹೇಳಿದ್ದು ಮುಸವ್ವಿರನೊಬ್ಬನಿಗೇ ಅರ್ಥವಾಯಿತು.

"ಮಾಫ್ ಕರೋ ದಾದಾ. ಮೈ ಶಕ್ ಕರೀ."

ಏನು ಹೇಳುತ್ತಿದ್ದಾರೆ ಎಂದು ಚಿಕ್ಕಸ್ವಾಮಿ ಪಿಸುಗುಟ್ಟಿ ಕೇಳಿದ. ನಿನ್ನ ಮೇಲೆ ಅನುಮಾನಪಟ್ಟೆ, ಕ್ಷಮಿಸು ಎಂದು ಆಕೆ ತಾತನನ್ನು ಕೇಳಿಕೊಳ್ಳುತ್ತಿದ್ದಾಳೆ ಎಂದು ಮುಸವ್ವಿರ್ ಹೇಳಬೇಕಾಗಿತ್ತು. ಅವನಿಗೆ ಮಾತು ಹೊರಡಲಿಲ್ಲ.